ಹಂಸಾವತಿಗೆ ಬೆನ್ನು ಮಾಡಿ ಕೂತವಳು

ಗಜೇಂದ್ರಗಡದ ನೇಕಾರ ಓಣಿಯಲ್ಲಿ ಭೀಮಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿದಳೆಂದರೆ ನಾಯಿಗಳೂ ಎದ್ದು ಜಾಗ ಬಿಡುತ್ತಿದ್ದವು. ಬೈಗುಳ ಆಮೇಲಿನ ಮಾತು, ಮೊದಲು ಸೆರಗು. ಒಂಬತ್ತನೇ ವಯಸ್ಸಿನಿಂದ ನೆಲದ ಕುಣಿಯಲ್ಲಿ ಇಳಿದು ಕುಣಿಮಗ್ಗ ತುಳಿದ ಕಾಲು ಅವಳದು. ಎಡಗಾಲು ಊರಿದ ಮೇಲೆ ಬಲಗಾಲು ಅರೆಗಳಿಗೆ ತಡೆದು ಧಪ್ಪನೆ ಬೀಳುತ್ತಿತ್ತು. "ನಮ್ಮ ಅತ್ತಿ ನಡದ್ರ ಮಗ್ಗ ನಡದಂಗ" ಎಂದು ಸೊಸೆ ರೂಪಾ ನಳದ ಹತ್ತಿರ ಆಡಿಕೊಂಡು ನಕ್ಕಿದ್ದು ಅವಳ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ರೂಪಾಳಿಗೆ ಮನೆಯಲ್ಲಿ ಬಿಸಿ ರೊಟ್ಟಿ ಸಿಕ್ಕಿದ್ದು ಕಡಿಮೆ.

ಶಿವರಾತ್ರಿಗೆ ಇನ್ನೂ ಎರಡು ವಾರ ಇರುವಾಗ ಒಂದು ಮಧ್ಯಾಹ್ನ ದ್ಯಾಮೇಶ ಮಾಸ್ತರು ಬೈಕು ಹತ್ತಿ ರೋಣದಿಂದ ಬಂದ. ಸಾಲಿ ಮಾಸ್ತರಿಕೆ ಅವನ ಉದ್ಯೋಗ, ಸನ್ಮಾನ ಮಾಡುವುದು ಅವನ ಚಟ. ಊರಿನಲ್ಲಿ ಎಪ್ಪತ್ತು ದಾಟಿ ಇನ್ನೂ ಉಸಿರಾಡುತ್ತಿರುವ ಯಾರನ್ನಾದರೂ ಹುಡುಕಿ ಶಾಲು ಹೊದಿಸದಿದ್ದರೆ ಅವನಿಗೆ ಅನ್ನ ಇಳಿಯದು. ಅದಕ್ಕೆಂದೇ ಒಂದು ಸಂಘ ಕಟ್ಟಿಕೊಂಡಿದ್ದ. ಬಾಳೆಹಣ್ಣಿನ ಚಿಪ್ಪು ಮುಂದಿಟ್ಟು, ಕೈಮುಗಿದು, ಹಲ್ಲು ಬಿಟ್ಟ.

"ಅವ್ವಾರ, ಸೂಡಿ ಮೈಲಾರಿ ಅಜ್ಜಾರಿಗೆ ಸನ್ಮಾನ ಇಟಗೊಂಡೀವ್ರಿ. ರೋಣದಾಗ. ಅಜ್ಜಾರು ಹಂಸಾವತಿ ಇನ್ನೊಮ್ಮೆ ಕುಣೀತೀನಿ ಅಂದಾರ."

ಭೀಮಾಬಾಯಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕೈ ನಿಲ್ಲಿಸಿದಳು. "ಹುಚ್ಚ ಹಿಡದಿದ್ದು ಅವಗೋ, ನಿಮಗೋ?"

"ಹಂಗನಬ್ಯಾಡ್ರಿ. ರಾತ್ರಿಪೂರ್ತಿ ಅಲ್ಲ, ಕಡೀ ಪ್ರಸಂಗ ಅಷ್ಟ. ಮುಕ್ಕಾಲು ತಾಸು. ಅದಕ್ಕ ನಿಮ್ಮ ಮನಿ ಸೀರಿ ಬೇಕ್ರಿ. ಆ ಸೀರಿನ ಬೇಕಂತ. ಮತ್ತ ನೀವು ಎದುರು ಬಂದು ಕುಂದರಬೇಕಂತ. ಎರಡ ಮಾತು ಹೇಳಿ ಕಳಿಸ್ಯಾರ."

"ನಾನೂ ಎರಡ ಮಾತು ಹೇಳಿ ಕಳಸ್ತೀನಿ, ಬರಕೋರಿ. ಸೀರಿ ಕೊಡಂಗಿಲ್ಲ. ನಾ ಬರಂಗಿಲ್ಲ. ಬಾಳಿಹಣ್ಣು ತಗೊಂಡು ಹೋಗ್ರಿ, ಕಪ್ಪಾಗ್ಯಾವು."

ಮಾಸ್ತರನಿಗೆ ಇದು ಸೊಕ್ಕು ಅನ್ನಿಸಿತು. ಸೊಕ್ಕೇ. ಆದರೆ ಭೀಮಾಬಾಯಿಯ ಸೊಕ್ಕಿಗೆ ಮೂವತ್ತೈದು ವರ್ಷಗಳ ಬುಡ ಇತ್ತು.

ಸೂಡಿಯ ದೊಡ್ಡಾಟದ ಮೇಳದಲ್ಲಿ ಒಂದು ಪದ್ಧತಿ. ರಾಣಿಯ ಪಾತ್ರ ಕಟ್ಟುವವನು ಗಂಡಸೇ ಇರಲಿ, ಅವನಿಗೆ ಅಂಗಡಿಯಿಂದ ಕೊಂಡ ಸೀರೆ ಉಡಿಸುವಂತಿಲ್ಲ. ಯಾವುದಾದರೂ ಮನೆಯ ಹೊಸ್ತಿಲಲ್ಲಿ ನಿಂತು ಕೇಳಿಯೇ ತರಬೇಕು, ಅದೂ ಮಡಿಕೆ ಮುರಿಯದ ಹೊಸ ಸೀರೆ. ಸೀರೆ ಕೊಟ್ಟ ಮನೆ ಆವತ್ತಿನಿಂದ ಅವನಿಗೆ ತವರುಮನೆ, ಕೊಟ್ಟವಳು ತಾಯಿ. ಆಟ ಮುಗಿದ ಮೇಲೆ ಸೀರೆಯನ್ನು ಬರಿದಾಗಿ ತಿರುಗಿಸುವ ಹಾಗಿಲ್ಲ. ಅಕ್ಕಿ, ಕೊಬ್ಬರಿ, ಅರಿಸಿಣಬೇರು ಇಟ್ಟು ಉಡಿ ತುಂಬಿ ತಂದು ಒಪ್ಪಿಸಬೇಕು. ಇಸಿದುಕೊಂಡದ್ದನ್ನು ಇಟ್ಟುಕೊಂಡರೆ ರಾಣಿ ಕಳ್ಳಿಯಾಗುತ್ತಾಳೆ ಎಂದು ಹಿರಿಯರು ಹೇಳುತ್ತಿದ್ದರು.

ಭೀಮಾಬಾಯಿಗೆ ಆಗ ಇಪ್ಪತ್ತೇಳು. ಸೂಡಿಯಿಂದ ಮೈಲಾರಿ ಎಂಬ ತೆಳ್ಳನೆಯ ಮನುಷ್ಯ ಕೈಚೀಲ ಹಿಡಿದು ಬಾಗಿಲಿಗೆ ಬಂದಿದ್ದ, ಹಂಸಾವತಿಗೆ ಸೀರೆ ಬೇಕೆಂದು. ಆ ಬೆಳಿಗ್ಗೆ ಗಂಡ ಅವಳ ಕಪಾಳಕ್ಕೆ ಹೊಡೆದಿದ್ದ. ಹೊಡೆತ ಹೊಸದಲ್ಲ, ಆದರೆ ಹೊರಗಿನವನ ಎದುರು ಬಿದ್ದದ್ದು ಅದೇ ಮೊದಲು. ಮಗ್ಗದ ಕುಣಿಯಲ್ಲಿ ಕೂತು ಅತ್ತದ್ದು ಅವಳಿಗೆ ನೆನಪಿತ್ತು. ಅವಳೇ ನೇಯ್ದ ಕೆಂಪು ಒಡಲಿನ, ಹಳದಿ ಪಟ್ಟೇದ ಅಂಚಿನ ಸೀರೆ ಹೇಗೋ ಮೈಲಾರಿಯ ಕೈಚೀಲ ಸೇರಿತ್ತು. ಸಂಜೆ ಓಣಿಯ ಹೆಂಗಸರ ಜೊತೆ ಚಕ್ಕಡಿ ಹತ್ತಿ ಸೂಡಿಗೆ ಹೋದಳು, ಸೀರೆ ಕೊಟ್ಟವಳೆಂದು ಕುಣಿಯುವ ಅಟ್ಟದ ಎದುರಿಗೇ ಕಂಬಳಿ ಹಾಸಿ ಕೂಡಿಸಿದರು.

ಆಟದ ಕಥೆ ಮಕ್ಕಳಿಗೂ ಗೊತ್ತಿರುವಂಥದು. ಚಾಡಿ ಮಾತು ಕೇಳಿದ ರಾಜ ತುಂಬಿದ ಸಭೆಯಲ್ಲಿ ರಾಣಿ ಹಂಸಾವತಿಗೆ ಹೇಳುತ್ತಾನೆ: ಮೂರು ಸಲ ಮೂಗು ನೆಲಕ್ಕೆ ತಿಕ್ಕಿ ತಪ್ಪಾಯಿತು ಅನ್ನು, ಅರಮನೆಯಲ್ಲಿರು. ರಾಣಿಗೆ ಅಲ್ಲಿ ಪದ ಇಲ್ಲ, ಮಾತೂ ಇಲ್ಲ. ಮದ್ದಲೆ ನಿಲ್ಲುತ್ತದೆ. ಅವಳು ರಾಜನಿಗೆ ಬೆನ್ನು ಮಾಡಿ ಅಟ್ಟದ ಅಂಚಿನ ತನಕ ಏಳು ಹೆಜ್ಜೆ ನಡೆದು ಹೋಗಬೇಕು. ಅಷ್ಟೇ. ಆ ಏಳು ಹೆಜ್ಜೆಯನ್ನು ಮೈಲಾರಿ ಹೇಗೆ ನಡೆದನೆಂದು ಭೀಮಾಬಾಯಿಗೆ ಇವತ್ತಿಗೂ ಹೇಳಲು ಬಾರದು. ಸಾವಿರ ಜನ ಉಸಿರು ಹಿಡಿದಿದ್ದರು, ನಿಂತ ಮದ್ದಲೆಯೂ ತಡೆಯಲಾರದೆ ಆ ಹೆಜ್ಜೆಯ ಹಿಂದೆ ಮೆಲ್ಲಗೆ ಬಡಿಯತೊಡಗಿತ್ತು. ಹಲಗೆಯ ಮೇಲೆ ಒಂದೊಂದು ಹೆಜ್ಜೆ ಬಿದ್ದಾಗಲೂ ಅವಳ ಎದೆಯಲ್ಲಿ ಯಾರೋ ಒಂದೊಂದು ಅಗುಳಿ ತೆಗೆದಂತಾಯಿತು. ಹೀಗೂ ನಡೆಯಬಹುದೇ ಹೆಣ್ಣೊಬ್ಬಳು? ಹೀಗೂ ಹೊಸ್ತಿಲು ದಾಟಬಹುದೇ?

ಮರುದಿನ ಬೆಳಗಾಗುತ್ತಲೇ ಗಂಡನ ಅರಿವೆಯ ಗಂಟನ್ನು ಕಟ್ಟಿ ಕಟ್ಟೆಯ ಮೇಲಿಟ್ಟಳು. "ನಡಿ" ಅಂದಳು. ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಇಚಲಕರಂಜಿಯ ಪವರ್‌ಲೂಮಿಗೆ ಹೋದವನು ಅಲ್ಲೇ ಉಳಿದ. ಮಡಿಲಲ್ಲಿ ಎರಡು ವರ್ಷದ ಮಗ, ಮನೆಯಲ್ಲಿ ಒಂದು ಮಗ್ಗ. ಸಾವುಕಾರರು ಕಣ್ಣು ಹಾಕಿದಾಗ, ಭಾವಂದಿರು ಮನೆ ಬಿಡಿಸಲು ಬಂದಾಗ, ಜ್ವರದಲ್ಲಿ ಒಬ್ಬಳೇ ನೇಯುವಾಗ, ಅವಳು ಕಣ್ಣು ಮುಚ್ಚಿ ಆ ಏಳು ಹೆಜ್ಜೆ ನೋಡಿಕೊಳ್ಳುತ್ತಿದ್ದಳು. ಹಂಸಾವತಿ ನಡೆಯುತ್ತಿದ್ದಳು. ಭೀಮಾಬಾಯಿ ಎದ್ದು ನಿಲ್ಲುತ್ತಿದ್ದಳು. ಅವಳಿಗಿದ್ದ ಆಸ್ತಿ ಅದೊಂದೇ. ಉಡಿ ತುಂಬಿಕೊಂಡು ತಿರುಗಿ ಬಂದ ಆ ಸೀರೆಯನ್ನು ಅವಳು ಉಡಲಿಲ್ಲ, ಬೇವಿನ ಎಲೆ ಹಾಕಿ ಧೋತರದಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

ಆ ಮೇಲೆ ಮೇಳದವರು ಸುತ್ತಲ ಊರುಗಳಲ್ಲಿ ಅದೇ ಆಟ ಹನ್ನೊಂದು ಸಲ ಆಡಿದರು. ಒಮ್ಮೆ ಗಜೇಂದ್ರಗಡದಲ್ಲೇ, ಅವಳ ಮನೆಯಿಂದ ಕೂಗಳತೆಯಲ್ಲಿ. ಅವಳು ಬಾಗಿಲು ಹಾಕಿಕೊಂಡು ಕಿವಿಗೆ ಅರಳೆ ತುರುಕಿಕೊಂಡು ಮಲಗಿದಳು.

ಮಾಸ್ತರು ಹೋದ ಮೇಲೆ ರೂಪಾ ಅಡುಗೆಮನೆಯಿಂದ ಹೊರಬಂದಳು. ಹನ್ನೆರಡು ವರ್ಷಗಳಿಂದ ಈ ಮನೆಯಲ್ಲಿ ಹಂಸಾವತಿಯ ಕಥೆ ಕೇಳಿ ಕೇಳಿ ಕಿವಿ ತೂತು ಬಿದ್ದವಳು.

"ಹೋಗಿ ನೋಡಿ ಬಂದ್ರ ಏನಾಕೈತ್ರಿ ಅತ್ತಿ? ನಿಮ್ಮ ಕಣ್ಣೇನು ಸವೀತಾವೇನು?"

"ಹಬ್ಬದ ಹೋಳಿಗಿ ತಿಂದ ಬಾಯಿಗೆ ಹಳಸಿದ್ದು ಹಾಕಬಾರ್ದು. ನಿನಗ ತಿಳಿಯಂಗಿಲ್ಲ."

"ಒಮ್ಮೆ ಹೋಳಿಗಿ ತಿಂದೀನಂತ ಜಲ್ಮಪೂರ್ತಿ ಹೋಳಿಗಿನ ಬ್ಯಾಡ ಅಂದ್ರ ಹಬ್ಬ ಯಾಕ ಬರಬೇಕ್ರಿ? ನೀವು ನೋಡೀರಿ, ಸರಿ. ನಾವು ನೋಡಬಾರ್ದೇನು? ಎಲ್ಲಾ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೂದ ನಿಮ್ಮ ಗುಣ."

"ನಾಲಿಗಿ ಭಾಳ ಉದ್ದಾತು."

"ನಿಮ್ಮ ಮನಿ ನೀರು ಕುಡದು ಬೆಳದೈತ್ರಿ ಇದು."

ಭೀಮಾಬಾಯಿ ಸೆರಗು ಸಿಗಿಸಿದಳು. ರೂಪಾ ಜಾಗ ಬಿಡಲಿಲ್ಲ, ನಾಯಿಗಳಿಗಿದ್ದಷ್ಟು ಬುದ್ಧಿಯೂ ಅವಳಿಗಿರಲಿಲ್ಲ. ಅತ್ತೆ ಸೊಸೆ ಆ ದಿನದಿಂದ ಮಾತು ಬಿಟ್ಟರು. ಮಗ ಇಬ್ಬರ ನಡುವೆ ತಾಟು ಹಿಡಿದು ಕೂತು, ಯಾರು ಬಡಿಸುತ್ತಾರೋ ನೋಡೋಣವೆಂದು ಗೋಡೆ ನೋಡುತ್ತಿದ್ದ.

ಭೀಮಾಬಾಯಿ ಹೆದರಿದ್ದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ನೇಯ್ಗೆಯಲ್ಲಿ ಒಂದು ತಪ್ಪು ಎಳೆ ಕೂತರೆ ಕಣ್ಣು ಆಮೇಲೆ ಅದನ್ನೇ ಹುಡುಕುತ್ತದೆ, ಉಳಿದ ಆರು ಗಜ ಎಷ್ಟೇ ಚಂದವಿರಲಿ. ಎಪ್ಪತ್ತೆರಡರ ಮೈಲಾರಿ, ಹಲ್ಲಿಲ್ಲದ ಮೈಲಾರಿ, ನಡುಗುವ ಕಾಲಿನ ಮೈಲಾರಿ ಒಮ್ಮೆ ಕಣ್ಣೊಳಗೆ ಹೊಕ್ಕರೆ ಮುಗಿಯಿತು. ಇನ್ನು ಮುಂದೆ ಅವಳು ಕಣ್ಣು ಮುಚ್ಚಿದಾಗಲೆಲ್ಲ ಆ ಮುದುಕನೇ ಎಡವುತ್ತ ಬರುತ್ತಾನೆ. ಹಂಸಾವತಿ ಬರುವುದಿಲ್ಲ. ಆಗ ತಾನು ಯಾರ ಕೈ ಹಿಡಿದು ಏಳಬೇಕು?

ಸನ್ಮಾನದ ದಿನ ರೂಪಾ ಬೆಳಿಗ್ಗೆಯೇ ತಲೆ ಬಾಚಿಕೊಂಡು, ತಮ್ಮನ ಮಗಳ ತೊಟ್ಟಿಲ ಕಾರ್ಯ ಇದೆ, ನರಗುಂದಕ್ಕೆ ಹೋಗುತ್ತೇನೆ ಎಂದು ಗಂಡನ ಮುಂದೆ ಗಟ್ಟಿಯಾಗಿ ಹೇಳಿ, ಅತ್ತೆಗೆ ಕೇಳಿಸಿ ಹೋದಳು. ಭೀಮಾಬಾಯಿ ಮಗ್ಗಕ್ಕೆ ಕೂತಳು. ಎರಡು ಸಲ ಎಳೆ ಕಡಿಯಿತು. ಮಧ್ಯಾಹ್ನ ಎದ್ದು ಹೋಗಿ ಟ್ರಂಕಿನ ಕೀಲಿ ತೆಗೆದಳು. ಧೋತರದ ಗಂಟು ಇತ್ತು, ಬೇವಿನ ಎಲೆಯೂ ಇತ್ತು. ಗಂಟು ಬಿಚ್ಚಿದರೆ ಒಳಗೆ ರೂಪಾಳ ಹಳೆಯ ನೈಲಾನ್ ಸೀರೆ ನಾಲ್ಕು ಮಡಿಕೆಯಾಗಿ ಅಚ್ಚುಕಟ್ಟಾಗಿ ಕೂತಿತ್ತು.

ಎರಡು ನಿಮಿಷ ಅವಳಿಗೆ ಬೈಗುಳವೇ ಹೊಳೆಯಲಿಲ್ಲ. ಹೊಳೆದ ಮೇಲೆ ಬಸ್‌ಸ್ಟ್ಯಾಂಡಿನ ತನಕ ನಿಲ್ಲಲಿಲ್ಲ.

ರೋಣದ ಬಸ್ಸಿನಲ್ಲಿ ಕಂಡಕ್ಟರ ಆಧಾರ ಕಾರ್ಡು ಕೇಳಿದ. "ಪುಕ್ಕಟೆ ಟಿಕೀಟಿನ ಸಂಗತಿ ಬಂದ್ರ ನನ್ನ ಮಾರಿ ಸಾಕಾಗಂಗಿಲ್ಲೇನು?" ಎಂದು ಅವನ ಮೇಲೂ ಹರಿಹಾಯ್ದಳು. ಬಸ್ಸು ಸೂಡಿಯಲ್ಲಿ ನಿಂತಾಗ ಕಿಟಕಿಯಿಂದ ಮುಖ ಈಚೆ ತಿರುಗಿಸಿಕೊಂಡಳು. ತಾನು ಆಟ ನೋಡಲು ಹೊರಟಿಲ್ಲ, ಸೀರೆ ತರಲು ಹೊರಟಿದ್ದೇನೆ. ಅದನ್ನು ದಾರಿಯುದ್ದಕ್ಕೂ ಬಾಯೊಳಗೆ ಹೇಳಿಕೊಳ್ಳುತ್ತಲೇ ಇದ್ದಳು, ಪಕ್ಕದಲ್ಲಿ ಕೂತವಳು ಇವಳಿಗೇನೋ ದೆವ್ವ ಬಡಿದಿದೆಯೆಂದು ಎದ್ದು ಹಿಂದಿನ ಸೀಟಿಗೆ ಹೋದಳು.

ಸಮಾರಂಭ ಒಂದು ಮಂಗಲ ಕಾರ್ಯಾಲಯದಲ್ಲಿ. ಮದುಮಗಳ ಖೋಲಿಯನ್ನೇ ಬಣ್ಣ ಬಳಿಯುವ ಖೋಲಿ ಮಾಡಿದ್ದರು. ಕನ್ನಡಿಯ ಮುಂದೆ ಮೈಲಾರಿ ಕೂತಿದ್ದ. ಕೆನ್ನೆಗೆ ಹಳದಿ ಅರದಾಳ, ಹಣೆಗೆ ದುಡ್ಡಿನಗಲ ಕುಂಕುಮ, ಹೆಗಲಿಗೆ ಕಟ್ಟಿಗೆಯ ಭುಜಕೀರ್ತಿ. ಮೈಮೇಲೆ ಅವಳ ಸೀರೆ. ಮೂವತ್ತೈದು ವರ್ಷದ ಮೇಲೆ ಬಿಚ್ಚಿಕೊಂಡ ಆ ಕೆಂಪು ಇವತ್ತೇ ಮಗ್ಗದಿಂದ ಇಳಿದಂತಿತ್ತು. ಅದರೊಳಗಿನ ಮನುಷ್ಯ ಮಾತ್ರ ಒಣಗಿದ ಹೆಸರುಕಾಯಿ.

"ಬಿಚ್ಚು" ಅಂದಳು ಭೀಮಾಬಾಯಿ.

ಮೈಲಾರಿ ಕನ್ನಡಿಯೊಳಗಿಂದಲೇ ನೋಡಿ ನಕ್ಕ. ಬಾಯಲ್ಲಿ ನಾಲ್ಕು ಹಲ್ಲು. "ಬಂದ್ಯಾ ಯವ್ವಾ? ಬರತಿ ಅಂತ ಗೊತ್ತಿತ್ತು ನನಗ."

"ಯವ್ವಾ ಅನಬ್ಯಾಡ. ನನಗಿಂತ ಹತ್ತು ವರ್ಷ ದೊಡ್ಡಾಂವ ನೀ. ಸೀರಿ ಬಿಚ್ಚು."

"ಸೀರಿ ಕೊಟ್ಟ ಮನಿ ತವರಮನಿ, ಕೊಟ್ಟಾಕಿ ಅವ್ವ. ನಾ ಮಾಡಿದ ಪದ್ಧತಿ ಅಲ್ಲ ಅದು."

"ನಾ ಎಲ್ಲಿ ಕೊಟ್ಟೀನಿ? ಕದ್ದು ತಂದದ್ದು ಇದು."

"ನಿನ್ನ ಸೊಸಿ ಕೊಟ್ಟಾಳ. ಸೊಸಿ ಆ ಮನಿ ಹೆಣಮಗಳು ಹೌದಲ್ಲೋ?"

ಭೀಮಾಬಾಯಿಯ ಸಿಟ್ಟು ಇಮ್ಮಡಿಯಾಯಿತು. "ನಿನ್ನ ಕಾಲ ನೋಡಿಕೊಂಡಿಯೇನು? ಸಕ್ಕರಿ ಬ್ಯಾನಿ ತಿಂದ ಕಾಲು. ಅದನ್ನ ತಗೊಂಡು ಹಂಸಾವತಿ ಆಗ್ತಾನಂತ. ಶಾಲು ಹಾಕಸ್ಕೊಂಡು, ಫೋಟೋ ಹೊಡಸ್ಕೊಂಡು, ಉಪ್ಪಿಟ್ಟು ತಿಂದು ಮನಿಗೆ ಹೋಗು. ಯಾಕ ಅದನ್ನ ಹೊಲಸ ಮಾಡ್ತಿ? ಒಮ್ಮೆ ಆಗಿತ್ತಲ್ಲ ಚಲೋ, ಸಾಕಾಗಲಿಲ್ಲೇನು?"

ಮೈಲಾರಿಯ ನಗು ಹೋಯಿತು. ಅವನೂ ಸಿಟ್ಟಿನಿಂದಲೇ ತಿರುಗಿದ. "ಹೂಂ, ಒಮ್ಮೆ. ಒಂದ ಸಲ ಬಂದಿತ್ತು ಅದು. ಆಮ್ಯಾಲ ಹನ್ನೊಂದು ಆಟ ಆಡಿದೆ. ಬರಲಿಲ್ಲ. ಮಂದಿ ಚಪ್ಪಾಳಿ ಹೊಡದ್ರು, ರೊಕ್ಕ ಆಯಾರಿ ಮಾಡಿದ್ರು, ಅವರಿಗೆ ಗೊತ್ತಾಗಲಿಲ್ಲ. ನನಗ ಗೊತ್ತಿತ್ತು. ಏಳು ಹೆಜ್ಜಿ ಇಡತಿದ್ದೆ, ಆ ಏಳು ಅಲ್ಲ. ನೀ ಒಮ್ಮೆ ನೋಡಿ ಮನಿಗೆ ಹೋದಿ, ಸುಖದಿಂದ ಇದ್ದಿ. ನಾ ಮೂವತ್ತೈದು ವರ್ಷ ಅದನ್ನ ಹುಡುಕೇನಿ. ಸಾಯೂದ್ರೊಳಗ ಇನ್ನೊಮ್ಮೆ ಆಗಬೇಕು ನನಗ. ಅದಕ್ಕ ನೀ ಎದುರು ಬೇಕು."

"ನಾನೇನು ಅದನ್ನ ಸೆರಗಿನ್ಯಾಗ ಕಟಗೊಂಡು ಬಂದೀನೇನು?"

ಮೈಲಾರಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದ್ಯಾಮೇಶ ಮಾಸ್ತರು ಓಡುತ್ತ ಬಂದ. ತಾಲೂಕಿನ ದೊಡ್ಡವರು ಬಂದು ಕೂತಿದ್ದಾರೆ, ಪದ ಶುರುವಾಗಿದೆ, ಅವ್ವಾರ ನಿಮ್ಮ ಕಾಲು ಬೀಳುತ್ತೇನೆ. ಬೀಳಲು ಬಗ್ಗಿಯೂ ಬಿಟ್ಟ. ಉಟ್ಟವನ ಮೈಯಿಂದ ಸೀರೆ ಎಳೆಯುವುದು ಭೀಮಾಬಾಯಿಗೂ ಸಾಧ್ಯವಿರಲಿಲ್ಲ.

"ಮುಗಿಯೂಮಟಾ ಕುಂದರ್ತೀನಿ" ಅಂದಳು. "ಸೀರಿ ಕಾಯಾಕ. ನೋಡಂಗಿಲ್ಲ."

ಹೇಳಿದ್ದನ್ನು ಮಾಡುವ ಹೆಂಗಸು ಅವಳು. ಮೊದಲ ಸಾಲಿನಲ್ಲಿ ರೂಪಾ ಕೂತಿದ್ದಳು, ಅತ್ತೆಯನ್ನು ಕಂಡು ಮುಖ ಬಿಳಿಚಿಕೊಂಡಿತು. "ತೊಟ್ಲ ಕಾರ್ಯ ಚಲೋ ನಡದೈತಲ್ಲ" ಎಂದಳು ಭೀಮಾಬಾಯಿ. ಆಮೇಲೆ ಅವಳ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ, ಗಿರಕ್ಕನೆ ತಿರುಗಿಸಿ, ಅಟ್ಟಕ್ಕೆ ಬೆನ್ನು ಮಾಡಿ ಮುನ್ನೂರು ಜನರ ಕಡೆ ಮುಖ ಮಾಡಿ ಕೂತಳು. ಜನ ಕಕ್ಕಾಬಿಕ್ಕಿಯಾದರು. ಮಾಸ್ತರು ಹಣೆ ಹಣೆ ಬಡಿದುಕೊಂಡ. ಮುಖ್ಯ ಅತಿಥಿಗಳು ಇವಳೂ ಆಟದ ಒಂದು ಪಾತ್ರವಿರಬೇಕೆಂದು ತಿಳಿದು ಕೈಮುಗಿದರು.

ಕಣ್ಣು ಮುಚ್ಚಬಹುದು, ಬೆನ್ನು ಮಾಡಬಹುದು. ಕಿವಿಗೆ ಅರಳೆ ತಂದಿರಲಿಲ್ಲ. ದೇವಪ್ಪನ ಮದ್ದಲೆ ಕೇಳಿಸಿತು. ಅಂದು ಬಾರಿಸಿದವನೇ ಇಂದೂ ಬಾರಿಸುತ್ತಿದ್ದ, ಈಗ ಕಣ್ಣು ಪೂರಾ ಹೋಗಿತ್ತು. ರಾಜನ ವೇಷದ ದುರಗೇಶ ಎದೆ ಸೀಳುವಂತೆ ಕೂಗುತ್ತಿದ್ದ. ಮೈಲಾರಿಯ ಗೆಜ್ಜೆ ಕೇಳಿಸಿತು. ತಾಳ ಒಂದು ಕಡೆ, ಗೆಜ್ಜೆ ಒಂದು ಕಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ನೆಲವೂ ನೆಟ್ಟಗಿತ್ತು. ಮುಂದಿನ ಮುಖಗಳಲ್ಲಿ ಅವಳು ಎಲ್ಲವನ್ನೂ ಓದುತ್ತಿದ್ದಳು. ಹೆಂಗಸರು ಮಾತಿಗೆ ಶುರು ಹಚ್ಚಿದ್ದರು. ಹಿಂದಿನ ಸಾಲಿನ ಹುಡುಗರು ಮೊಬೈಲು ನೋಡುತ್ತಿದ್ದರು. ಒಬ್ಬ ಆಕಳಿಸಿದ.

"ಮೂರು ಸಲ ಮೂಗು ನೆಲಕ್ಕೆ ತಿಕ್ಕು! ತಪ್ಪಾಯಿತು ಅನ್ನು!" ಎಂದು ರಾಜ ಗರ್ಜಿಸಿದ.

ಮದ್ದಲೆ ನಿಂತಿತು. ಭೀಮಾಬಾಯಿಯ ಬೆನ್ನು ತನ್ನಿಂದ ತಾನೇ ಸೆಟೆದುಕೊಂಡಿತು. ಒಂದು ಹೆಜ್ಜೆ ಕೇಳಿಸಿತು, ಮೆತ್ತಗೆ, ಎಳೆದುಕೊಂಡು. ಎರಡನೆಯದು ಬರಲಿಲ್ಲ. ಏನೋ ತಡವರಿಸಿದ ಸದ್ದು, ಗೆಜ್ಜೆ ಚೆಲ್ಲಿದಂತೆ ಆಯಿತು. ಹಿಂದಿನಿಂದ ಯಾವನೋ ಕೂಗಿದ: "ಏ ಅಜ್ಜಿ, ಆಟೋ ಕರೀಲೇನಬೇ?"

ಸಭೆಗೆ ಸಭೆಯೇ ನಕ್ಕಿತು. ದೊಡ್ಡವರು ಶಾಲಿನ ತುದಿ ಬಾಯಿಗೆ ಹಿಡಿದುಕೊಂಡು ನಕ್ಕರು. ರೂಪಾ ಒಬ್ಬಳು ನಗಲಿಲ್ಲ, ತಲೆ ತಗ್ಗಿಸಿ ಬೆರಳು ಹಿಸುಕಿಕೊಳ್ಳುತ್ತಿದ್ದಳು.

ಭೀಮಾಬಾಯಿ ನೋಡಿರಲಿಲ್ಲ. ಆದರೂ ಹೋಯಿತು. ಕಣ್ಣು ಮುಚ್ಚಿ ಹುಡುಕಿದಳು. ಹಂಸಾವತಿಯ ಬದಲು ಮುನ್ನೂರು ಬಾಯಿ ನಗುತ್ತಿದ್ದವು. ಮೂವತ್ತೈದು ವರ್ಷ ಕಾದಿಟ್ಟದ್ದನ್ನು ಮುಕ್ಕಾಲು ತಾಸಿನಲ್ಲಿ ಕಳಕೊಂಡಳು, ಅದೂ ಬೆನ್ನ ಹಿಂದೆ. ಇವರ ಎದುರು ಅಳುವುದೇ? ಈ ಶಾಲಿನವರು, ಈ ಮಾಸ್ತರು, ಈ ಕಳ್ಳ ಸೊಸೆ, ಆ ಮುದಿ ರಾಣಿ, ಎಲ್ಲರೂ ಸಾಯಲಿ. ಸೀರೆಯೂ ಬೇಡ, ಸುಡುಗಾಡೂ ಬೇಡ.

ಎದ್ದಳು. ಎಡಗೈಯಿಂದ ಸೆರಗು ಎಳೆದು ಮುಂದೆ ತಂದು ಸೊಂಟಕ್ಕೆ ಸಿಗಿಸಿದಳು. ಅಟ್ಟದ ಮುಂದುಗಡೆ, ಸನ್ಮಾನಕ್ಕೆ ಬರುವವರಿಗೆ ಮೆಟ್ಟಿಲಾಗಲೆಂದು ಉದ್ದಕ್ಕೆ ಹಲಗೆ ಹಾಸಿದ್ದರು. ಹೊರಗಿನ ಬಾಗಿಲಿಗೆ ಅದೇ ಹತ್ತಿರದ ದಾರಿ. ಹಲಗೆ ಹತ್ತಿ, ಯಾರ ಮುಖವನ್ನೂ ನೋಡದೆ ನಡೆದಳು. ಎಡಗಾಲು ಊರಿತು. ಬಲಗಾಲು ಅರೆಗಳಿಗೆ ತಡೆದು ಧಪ್ಪನೆ ಬಿತ್ತು.

ಎರಡನೇ ಹೆಜ್ಜೆಗೆ ಮದ್ದಲೆ ಮಾತಾಡಿತು.

ದೇವಪ್ಪನಿಗೆ ಕಣ್ಣಿಲ್ಲ. ಅವನಿಗೆ ಕೇಳಿದ್ದು ಹಲಗೆಯ ಮೇಲಿನ ಕಾಲು ಮಾತ್ರ. ಆ ಕಾಲಿನ ತಾಳ ಅವನ ಕೈಗೆ ಗೊತ್ತಿತ್ತು. ಒಂದು ಸಲ, ಒಂದೇ ಸಲ, ಅವನು ಅದರ ಹಿಂದೆ ಬಾರಿಸಿದ್ದ. ಧೀಂ... ತಕ. ಧೀಂ... ತಕ. ಮೆಲ್ಲಗೆ, ಹೆಜ್ಜೆಗೆ ಹೆಜ್ಜೆ ಕೂಡಿಸಿ, ತಡೆದಲ್ಲಿ ತಡೆದು.

ಆ ಬಡಿತ ಭೀಮಾಬಾಯಿಗೂ ಗೊತ್ತಿತ್ತು. ಮೂವತ್ತೈದು ವರ್ಷ ರಾತ್ರಿ ಹಗಲು ಕೇಳಿಸಿಕೊಂಡ ಬಡಿತ. ನಿಂತಳು. ಅವಳು ನಿಂತರೂ ಹೆಜ್ಜೆಯ ಸದ್ದು ನಿಲ್ಲಲಿಲ್ಲ, ಅದು ಈಗ ಮೇಲಿನಿಂದ ಬರುತ್ತಿತ್ತು, ಗೆಜ್ಜೆಯ ಸಮೇತ. ಎದುರಿನ ಮುಖಗಳಲ್ಲಿ ನಗು ಸತ್ತಿತ್ತು. ಆಟೋ ಕರೆದವನ ಬಾಯಿ ತೆರೆದದ್ದು ತೆರೆದಂತೆ ಇತ್ತು. ರೂಪಾ ತಲೆ ಎತ್ತಿದ್ದಳು, ಅವಳ ಕಣ್ಣು ತುಂಬಿದ್ದವು. ಆ ಮುಖವನ್ನು ಭೀಮಾಬಾಯಿ ಬಲ್ಲಳು. ಸೂಡಿಯ ಕಂಬಳಿಯ ಮೇಲೆ ಕೂತಿದ್ದ ಇಪ್ಪತ್ತೇಳರ ಹೆಣ್ಣಿನ ಮುಖ ಅದು.

ತಿರುಗಿ ನೋಡಿದಳು.

ಅಟ್ಟದ ಮೇಲೆ ರಾಜನಿಗೆ ಬೆನ್ನು ಮಾಡಿ ಹೆಂಗಸೊಬ್ಬಳು ನಡೆಯುತ್ತಿದ್ದಳು. ಸೆರಗು ಬಲಸೊಂಟಕ್ಕೆ ಸಿಗಿಸಿತ್ತು. ಎಡಗಾಲು ಊರಿ, ಬಲಗಾಲು ತಡೆದು, ಧಪ್. ಮೈಲಾರಿ ಎಲ್ಲಿ ಹೋದನೋ, ಸಕ್ಕರೆ ಬೇನೆ ಎಲ್ಲಿ ಹೋಯಿತೋ. ಇದೇ ಹಂಸಾವತಿ. ಒಂದು ಎಳೆಯೂ ತಪ್ಪಿಲ್ಲ. ಆದರೆ ಈ ಸಲ ಭೀಮಾಬಾಯಿ ಕಾಲು ನೋಡಿದಳು. ಅದು ಮಗ್ಗ ತುಳಿದವರ ಕಾಲು. ಮೈಲಾರಿ ಜನ್ಮದಲ್ಲಿ ಮಗ್ಗ ತುಳಿದವನಲ್ಲ.

ಆಗ ಆ ಬೆಳಿಗ್ಗೆ ಪೂರ್ತಿ ನೆನಪಾಯಿತು. ಕಪಾಳಕ್ಕೆ ಬಿದ್ದ ಏಟಿಗೂ ಮಗ್ಗದ ಕುಣಿಯಲ್ಲಿ ಅತ್ತದ್ದಕ್ಕೂ ನಡುವೆ ಏನೋ ನಡೆದಿತ್ತು, ಅದನ್ನು ಅವಳು ಅಳುವಿನ ಅಡಿಯಲ್ಲಿ ಹೂತುಬಿಟ್ಟಿದ್ದಳು. ನನ್ನ ಕಾಲು ಹಿಡಿದು ತಪ್ಪಾಯಿತು ಅನ್ನು, ಇಲ್ಲದಿದ್ದರೆ ಸೀರೆ ಹೊಸ್ತಿಲು ದಾಟುವುದಿಲ್ಲ ಎಂದಿದ್ದ ಗಂಡ. ಅವಳು ಮಾತಾಡಿರಲಿಲ್ಲ. ಸೆರಗು ಸಿಗಿಸಿ, ಅವನಿಗೆ ಬೆನ್ನು ಮಾಡಿ, ಪಡಸಾಲೆಯ ಉದ್ದಕ್ಕೂ ನಡೆದು ಹೋಗಿ ಸೀರೆ ತಂದು ಹೊಸ್ತಿಲಲ್ಲಿ ನಿಂತವನ ಕೈಚೀಲದಲ್ಲಿ ಹಾಕಿದ್ದಳು. ಹೊಸ್ತಿಲಲ್ಲಿ ನಿಂತವನು ನೋಡಿದ್ದ. ಅಂದು ಸಂಜೆ ಅದನ್ನೇ ಕುಣಿದಿದ್ದ.

ಏಳನೇ ಹೆಜ್ಜೆಗೆ ಮೈಲಾರಿ ಅಟ್ಟದ ಅಂಚಿಗೆ ಬಂದು ನಿಂತ. ಅವಳ ನೇರ ಎದುರಿಗೆ, ಮೇಲೆ. ಉಸಿರು ಏರುತ್ತಿತ್ತು. ಬಣ್ಣ ಬೆವರಿನಲ್ಲಿ ಇಳಿಯುತ್ತಿತ್ತು.

"ಎಲ್ಲಿಂದ ಕದ್ದಿ ಇದನ್ನ?" ಭೀಮಾಬಾಯಿ ಕೇಳಿದಳು.

ಮೈಲಾರಿ ರಾಣಿಯ ದನಿಯಲ್ಲಿ ಅಲ್ಲ, ತನ್ನ ಒಡಕು ದನಿಯಲ್ಲೇ ಹೇಳಿದ. "ನಿನ್ನ ಪಡಸಾಲ್ಯಾಗಿಂದ, ಯವ್ವಾ. ಅವತ್ತ ಮುಂಜಾನಿ. ಆಮ್ಯಾಲ ಮರತೆ. ಇವತ್ತ ಮತ್ತ ಕೊಟ್ಟಿ."

ಭೀಮಾಬಾಯಿ ತನ್ನ ಕಾಲು ನೋಡಿಕೊಂಡಳು. ಮೂವತ್ತೈದು ವರ್ಷ ತಾನು ಕೈಮುಗಿದದ್ದು ಯಾರಿಗೆ? ಯಾವ ರಾಣಿಯ ಕೈ ಹಿಡಿದು ಎದ್ದು ನಿಂತದ್ದು? ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟೇ. ಕೆಂಡದಂಥ ಸಿಟ್ಟು, ಆದರೆ ಅದರ ತಳದಲ್ಲಿ ಏನೋ ಬೆಚ್ಚಗಿತ್ತು.

"ಕಳ್ಳ" ಅಂದಳು. "ಸೀರಿಗೆ ಉಡಿ ತುಂಬಿ ವಾಪಸ್ ಕೊಟ್ಟಿ. ನಡಿಗಿ ಇಟಗೊಂಡಿ. ಅದನ್ನ ಯಾರು ಕೊಡಬೇಕು?"

ಮೈಲಾರಿ ತಲೆ ತಗ್ಗಿಸಿದ. ಮಾಸ್ತರು ಶಾಲು ಹಿಡಿದು ಮುಂದೆ ಬಂದವನು ಅಲ್ಲೇ ನಿಂತ. ಭೀಮಾಬಾಯಿ ಹಲಗೆ ಇಳಿದು ತನ್ನ ಕುರ್ಚಿಗೆ ಬಂದಳು. ಅದನ್ನು ಎತ್ತಿ ಅಟ್ಟದ ಕಡೆ ತಿರುಗಿಸಿ ಇಟ್ಟಳು. ಎರಡನೇ ಸಲ ನೋಡುವುದಿಲ್ಲವೆಂದು ಅರ್ಧ ಆಯುಷ್ಯ ಹಟ ಹಿಡಿದವಳು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಕಂಪನಿ ನಾಟಕದ ಮುಂದಿನ ಸಾಲಿನ ಗಂಡಸರ ಹಾಗೆ ಕೂಗಿದಳು.

"ವನ್ಸ್‌ಮೋರ್!"

ಹಿಂದಿನಿಂದ ಮುನ್ನೂರು ಜನ ಅದನ್ನೇ ಕೂಗಿದರು. ದೇವಪ್ಪ ಮದ್ದಲೆಯ ಮೇಲೆ ಕೈ ಇಟ್ಟ. ಮೈಲಾರಿ ಸೊಂಟ ಹಿಡಿದುಕೊಂಡು, ನರಳಿಕೊಂಡು, ಮತ್ತೆ ರಾಜನ ಹತ್ತಿರ ಹೋಗಿ ನಿಂತ.

"ಬಲಗಾಲು ಇನ್ನೊಂದೀಟು ತಡೀಲಿ" ಎಂದು ಭೀಮಾಬಾಯಿ ಕೂತಲ್ಲಿಂದಲೇ ಹೇಳಿದಳು. ಆಮೇಲೆ ಸೊಸೆಯ ಮೊಣಕೈಗೆ ತಿವಿದಳು.

"ಸರಿ ಅತ್ಲಾಗ. ನನಗ ಕಾಣವಲ್ದು."